ಪಂಡಿತಾ ರಮಾಬಾಯಿಯವರ ಚರಿತ್ರೆ: ವ್ಯಾಧಿಯ ಮನೆಯಲ್ಲಿ ಮಕ್ಕಳನ್ನು ಸಲಹಿದ ತಾಯಿ

ಮನೆಯ ಯಜಮಾನನಿಗೆ ಜ್ವರ ಬಂದರೆ ಅವನು ಕಂಬಳಿ ಹೊದ್ದು ಮಲಗುವನು. ಮನೆಯ ತಾಯಿಗೆ ಜ್ವರ ಬಂದರೆ ಕೂಸನ್ನೂ ಅದೇ ಕಂಬಳಿಯೊಳಗೆ ಇಟ್ಟುಕೊಂಡು ಮಲಗಬೇಕಾಗುತ್ತದೆ. ಒಲೆ ಹೊತ್ತಿಸುವವರು ಯಾರು, ನೀರು ತರುವವರು ಯಾರು, ಅಳುವ ಮಗುವನ್ನು ಎತ್ತಿಕೊಳ್ಳುವವರು ಯಾರು ಎಂಬ ಚಿಂತೆಯು ಜ್ವರಕ್ಕಿಂತಲೂ ಹೆಚ್ಚಾಗಿ ಆಕೆಯನ್ನು ಸುಡುತ್ತದೆ. ಹಳಿಯಾಳದ ಗದ್ದೆಗಳ ಬದಿಯಲ್ಲಾಗಲಿ, ಹಿಂದೆ ಸೂಪಾ ಎಂದು ಕರೆಯಲ್ಪಡುತ್ತಿದ್ದ ಜೋಯಿಡಾ ತಾಲೂಕಿನ ಕಾಡುಗಳ ನಡುವೆಯಾಗಲಿ, ದಾಂಡೇಲಿಯ ಕಾರ್ಖಾನೆಯ ಕೇರಿಗಳಲ್ಲಾಗಲಿ, ಮುಂಡಗೋಡಿನ ಹಳ್ಳಿಗಳಲ್ಲಾಗಲಿ ಈ ಸಂಕಟವನ್ನು ಅರಿಯದ ಮನೆಯಿಲ್ಲ. ಆದಕಾರಣ ನಮ್ಮ ವಾಚಕರು ಹೆಸರು ಕೇಳಿ ಬಲ್ಲ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಈ ಸಾರಿ ಈ ಒಂದು ಕಡೆಯಿಂದ ನೋಡೋಣ. ಅವರ ವಿದ್ಯೆಯನ್ನೂ ಕೀರ್ತಿಯನ್ನೂ ಹೊಗಳಿದವರು ಅನೇಕರು. ಅವರು ಬಾಲ್ಯದಿಂದ ಮರಣದ ವರೆಗೆ ರೋಗಿಗಳ ಹಾಸಿಗೆಯ ಬಳಿಯಲ್ಲಿ, ಕೆಲವು ಸಾರಿ ತಾವೇ ರೋಗಿಯಾಗಿ, ಮಕ್ಕಳನ್ನು ಹೇಗೆ ಸಲಹಿದರೆಂಬದನ್ನು ನಾವು ಅಷ್ಟಾಗಿ ಯೋಚಿಸಿದ್ದಿಲ್ಲ.

ರಮಾಬಾಯಿಯವರು ನಮ್ಮ ಸೀಮೆಗೆ ಅನ್ಯರಲ್ಲ. ಅವರ ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳ ಎಂಬ ಊರಿನ ಚಿತ್ಪಾವನ ಬ್ರಾಹ್ಮಣರು. ಪೇಶ್ವೆಯವರ ಅರಮನೆಯಲ್ಲಿ ಒಬ್ಬ ಸ್ತ್ರೀಯು ಸಂಸ್ಕೃತ ಕಲಿಯುವದನ್ನು ಕಂಡಂದಿನಿಂದ ತನ್ನ ಹೆಂಡತಿಗೂ ಕಲಿಸಬೇಕೆಂಬ ಆಶೆ ಅವರಲ್ಲಿ ಹುಟ್ಟಿತು. ಮೊದಲನೆಯ ಹೆಂಡತಿ ತೀರಿಕೊಂಡ ಮೇಲೆ ಒಂಬತ್ತು ವರುಷದ ಲಕ್ಷ್ಮೀಬಾಯಿಯನ್ನು ವಿವಾಹವಾಗಿ, ಆಕೆಗೆ ಅಕ್ಷರದಿಂದ ಆರಂಭಿಸಿ ಪುರಾಣಗಳ ತನಕ ಕಲಿಸಿದರು. ಮನೆಯವರು ಸಿಟ್ಟಾದರು, ಊರವರು ದೂರಿದರು. ಉಡುಪಿಯಲ್ಲಿ ಪಂಡಿತರ ಸಭೆಯು ಕೂಡಿ ಸ್ತ್ರೀಯರಿಗೆ ವಿದ್ಯೆ ಸಲ್ಲುವದೋ ಎಂದು ಅವರನ್ನು ವಿಚಾರಿಸಿತು. ಅವರು ಶಾಸ್ತ್ರಗಳಿಂದಲೇ ಉತ್ತರ ಕೊಟ್ಟರು. ಆದಾಗ್ಯೂ ಊರಿನಲ್ಲಿ ಸಮಾಧಾನವಿಲ್ಲದ್ದರಿಂದ ಹೆಂಡತಿಯನ್ನು ಕರಕೊಂಡು ಘಟ್ಟದ ಮೇಲೆ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಅರಣ್ಯಕ್ಕೆ ಹೊರಟುಹೋದರು. ಮೊದಲನೆಯ ರಾತ್ರಿ ಅಲ್ಲಿ ತಲೆಯ ಮೇಲೆ ಸೂರೇ ಇರಲಿಲ್ಲ. ಕಣಿವೆಯ ಆಚೆಯಲ್ಲಿ ಹುಲಿಯು ಆರ್ಭಟಿಸುತ್ತಿರಲಾಗಿ ಎಳೆಯ ಹೆಂಡತಿಯು ಕೌದಿಯನ್ನು ಸುತ್ತಿಕೊಂಡು ನೆಲದ ಮೇಲೆ ನಡುಗುತ್ತಾ ಮಲಗಿದಳು. ಗಂಡನು ಬೆಳಗಾಗುವ ತನಕ ಕಾವಲು ಕೂತನು. ಜೋಯಿಡಾದ ಕಾಡಿನಲ್ಲಿ ಬೆಳೆದ ನಮ್ಮವರಿಗೆ ಆ ರಾತ್ರಿ ಎಂಥದ್ದೆಂದು ವರ್ಣಿಸಬೇಕಾಗಿಲ್ಲ.

ಆ ಅರಣ್ಯದ ಮನೆಯಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ರಮಾಬಾಯಿ ಹುಟ್ಟಿದಳು. ಹುಟ್ಟಿದ ಆರು ಮಕ್ಕಳಲ್ಲಿ ಉಳಿದು ಬೆಳೆದವರು ಮೂವರು: ಹಿರಿಯಳಾದ ಕೃಷ್ಣಾಬಾಯಿ, ನಡುವಣವನಾದ ಶ್ರೀನಿವಾಸ, ಕಿರಿಯಳಾದ ರಮಾ. ಶಾಸ್ತ್ರಿಗಳ ಬಳಿಗೆ ಕಲಿಯಲಿಕ್ಕೆ ಬಂದ ಶಿಷ್ಯರೂ ಯಾತ್ರಿಕರೂ ಅತಿಥಿಗಳೂ ಆ ಮನೆಯಲ್ಲಿಯೇ ಉಣ್ಣುತ್ತಿದ್ದರು. ಅವರೆಲ್ಲರಿಗೆ ಅಡಿಗೆ ಮಾಡುವ ಭಾರವು ಲಕ್ಷ್ಮೀಬಾಯಿಯ ಮೇಲೆ ಇತ್ತು. ಅತಿಥಿಸತ್ಕಾರದಿಂದ ಹಣವೆಲ್ಲಾ ಮುಗಿದು ಸಾಲವಾಗಲು, ಅವರು ಆ ಮನೆಯನ್ನು ಬಿಟ್ಟು ತೀರ್ಥಕ್ಷೇತ್ರಗಳಿಗೆ ಹೊರಟರು. ಆಗ ರಮಾ ಆರು ತಿಂಗಳ ಕೂಸು. ಬೆತ್ತದ ಒಂದು ದೊಡ್ಡ ಪೆಟ್ಟಿಗೆಯಲ್ಲಿ ಆಕೆಯನ್ನು ಮಲಗಿಸಿ, ಒಬ್ಬ ಆಳು ಅದನ್ನು ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದನು. ಹೀಗೆ ಆಕೆಯ ತಿರುಗಾಟವು ಮಾತು ಬರುವ ಮೊದಲೇ ಆರಂಭವಾಯಿತು.

ಅಂದಿನಿಂದ ಆ ಕುಟುಂಬವು ಊರಿಂದ ಊರಿಗೆ ನಡೆದು, ದೇವಸ್ಥಾನಗಳಲ್ಲಿ ಪುರಾಣ ಓದಿ, ಕೇಳುವವರು ಇಟ್ಟ ಕಾಣಿಕೆಯಿಂದ ಜೀವಿಸುತ್ತಿತ್ತು. ತಂದೆಯು ವೃದ್ಧನಾಗಿ ಕಣ್ಣು ಮಂಜಾದ ಕಾರಣ ಕಿರಿಯ ಮಗಳಿಗೆ ಕಲಿಸುವ ಕೆಲಸವನ್ನು ತಾಯಿಯೇ ವಹಿಸಿಕೊಂಡಳು. ಹಗಲೆಲ್ಲಾ ಮನೆಗೆಲಸವಿದ್ದದರಿಂದ ಆಕೆಗೆ ದೊರಕಿದ ಸಮಯ ಬೆಳಗಿನ ಜಾವ ಮಾತ್ರ. ಹಕ್ಕಿಗಳು ಕೂಗುವದಕ್ಕೆ ಮುಂಚೆ ನಿದ್ದೆಗಣ್ಣಿನ ಮಗುವನ್ನು ಎತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಮುಖ ತೊಳೆದು, ಪ್ರೀತಿಯ ಮಾತುಗಳಿಂದ ಎಚ್ಚರಪಡಿಸಿ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಹನ್ನೆರಡು ವರುಷ ತುಂಬುವಷ್ಟರಲ್ಲಿ ರಮಾ ಭಾಗವತದ ೧೮,೦೦೦ ಶ್ಲೋಕಗಳನ್ನು ಕಲಿತಿದ್ದಳು. ದಣಿದ ತಾಯಿಯು ತನ್ನ ನಿದ್ದೆಯನ್ನು ಕಡಿಮೆ ಮಾಡಿಕೊಂಡು ಕೊಟ್ಟ ಈ ಆಸ್ತಿಯು ಬೇರೆಲ್ಲವೂ ಕಳೆದುಹೋದಾಗಲೂ ಉಳಿಯಿತು.

೧೮೭೪ನೆಯ ಇಸವಿಯ ಸುಮಾರಿಗೆ ದಕ್ಷಿಣ ಸೀಮೆಯಲ್ಲಿ ಅಲೆಯುತ್ತಿದ್ದ ಈ ಕುಟುಂಬದ ಮೇಲೆ ಕ್ಷಾಮದ ಕಷ್ಟವು ಬಂತು. ಪುರಾಣ ಕೇಳುವವರೇ ಇಲ್ಲವಾದರು. ಪಾತ್ರೆ, ಬಟ್ಟೆ, ಒಡವೆಗಳನ್ನು ಒಂದೊಂದಾಗಿ ಮಾರಿದರು. ಬ್ರಾಹ್ಮಣರು ಕೂಲಿ ಮಾಡಬಾರದು, ಭಿಕ್ಷೆ ಕೇಳುವದು ಅವಮಾನ ಎಂಬ ಭಾವನೆಯು ಅವರನ್ನು ಕಟ್ಟಿಹಾಕಿತ್ತು. ಕಡೆಗೆ ತಿರುಪತಿಯ ಸಮೀಪದ ಕಾಡಿಗೆ ಹೋಗಿ, ಹನ್ನೊಂದು ದಿವಸ ನೀರು, ಎಲೆ, ಒಂದು ಹಿಡಿ ಕಾಡು ಈಚಲಹಣ್ಣು ಇವುಗಳಿಂದ ಪ್ರಾಣ ಹಿಡಿದರು. ಸಾಯಲಿಕ್ಕೆ ಸಿದ್ಧರಾಗಿದ್ದ ಆ ಹೊತ್ತಿನಲ್ಲಿ ಶ್ರೀನಿವಾಸನು ತಾನು ಕೂಲಿ ಮಾಡಿಯಾದರೂ ಎಲ್ಲರನ್ನು ಸಾಕುವೆನೆಂದು ಹೇಳಲು, ಅವರು ಕಾಡಿನಿಂದ ಹೊರಗೆ ಬಂದರು. ತಂದೆಗೆ ಮಾತ್ರ ಕಾಲ ಮೀರಿತ್ತು. ಜ್ವರ ಹತ್ತಿ ಕೆಲವು ದಿವಸಗಳಲ್ಲಿ ತೀರಿಕೊಂಡರು. ಹೊರುವವರು ಯಾರೂ ಬಾರದ್ದರಿಂದ ಮಗನು ದೇಹವನ್ನು ಧೋತ್ರದಲ್ಲಿ ಗಂಟಿನಂತೆ ಕಟ್ಟಿ, ತಾನೇ ಹೊತ್ತುಕೊಂಡು ಹೋಗಿ ಮಣ್ಣುಮಾಡಿದನು.

ಅಲ್ಲಿಂದ ಉಳಿದವರು ರಾಯಚೂರಿಗೆ ಬಂದರು. ಅಲ್ಲಿ ತಾಯಿಯು ಹಸಿವೆಯಿಂದಲೂ ಜ್ವರದಿಂದಲೂ ಹಾಸಿಗೆ ಹಿಡಿದಳು. ಸನ್ನಿಯಲ್ಲಿ ಆಕೆ ಬಗೆಬಗೆಯ ತಿನಿಸುಗಳ ಹೆಸರನ್ನು ಹೇಳುತ್ತಿದ್ದಳು. ಕೊಡಲಿಕ್ಕೆ ಮಕ್ಕಳ ಕೈಯಲ್ಲಿ ಏನೂ ಇರಲಿಲ್ಲ. ಆಗ ಹದಿನಾರು ವರುಷದವಳಾಗಿದ್ದ ರಮಾಬಾಯಿ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಬೇಡಿ ತರಬೇಕೆಂದು ನೆರೆಮನೆಯ ಬ್ರಾಹ್ಮಣ ಗೃಹಿಣಿಯ ಬಳಿಗೆ ಹೋದಳು. ಆ ಗೃಹಿಣಿ ದಯೆಯಿಂದ ಮಾತಾಡಿಸಿದಳು. ರಮಾಬಾಯಿಗೆ ಬಾಯಿ ತೆರೆಯಲಾಗಲಿಲ್ಲ. ಹದಿನೆಂಟು ಸಾವಿರ ಶ್ಲೋಕಗಳನ್ನು ಬಲ್ಲ ನಾಲಿಗೆಗೆ ರೊಟ್ಟಿ ಎಂಬ ಒಂದು ಮಾತು ಏಳಲಿಲ್ಲ. ಕಣ್ಣೀರನ್ನು ಬಲವಂತವಾಗಿ ತಡೆದರೂ ಮುಖವು ಎಲ್ಲವನ್ನೂ ಹೇಳಿಬಿಟ್ಟಿತು. ಗೃಹಿಣಿಯು ತಾನೇ ತಿಳುಕೊಂಡು, ಊಟ ಬೇಕೋ ಎಂದು ಕೇಳಿ, ರೊಟ್ಟಿಯನ್ನು ಕೊಟ್ಟಳು. ಹುಡುಗಿಯು ಉಪಕಾರವನ್ನು ಹೇಳಲಿಕ್ಕೂ ಆಗದೆ ಓಡಿಬಂದು ತಾಯಿಯ ಕೈಗೆ ಕೊಟ್ಟಳು. ತಾಯಿಗೆ ತಿನ್ನುವ ಶಕ್ತಿ ಉಳಿದಿರಲಿಲ್ಲ. ಕೆಲವು ದಿವಸಗಳಲ್ಲಿ ಆಕೆಯೂ ತೀರಿಹೋದಳು. ಸುಡುಗಾಡು ಊರಿನಿಂದ ಸುಮಾರು ಮೂರು ಮೈಲು ದೂರ. ಇಬ್ಬರು ಬ್ರಾಹ್ಮಣರು ಮರುಗಿ ಹೆಗಲು ಕೊಟ್ಟರು. ನಾಲ್ಕನೆಯ ಹೆಗಲು ರಮಾಬಾಯಿಯದು. ಆಕೆ ಗಿಡ್ಡವಳಾದ್ದರಿಂದ ಚಟ್ಟವನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದಳು.

ಪ್ರಿಯ ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಆ ತಾಯಿಯ ಜ್ವರವು ಬಡವರ ಜ್ವರ. ಬಹುದಿನಗಳ ಹಸಿವೆಯು ಮೊದಲು ದೇಹವನ್ನು ಒಳಗಿನಿಂದ ತಿಂದಿತ್ತು. ಇದ್ದದ್ದನ್ನು ಮಕ್ಕಳಿಗೆ ಬಡಿಸಿ ತಾನು ಕಡೆಗೆ ಉಣ್ಣುವ ಪದ್ಧತಿಯು ನಮ್ಮ ಸೀಮೆಯ ಮನೆಗಳಲ್ಲಿ ಇನ್ನೂ ಇದೆ. ಇಂಥ ತಾಯಂದಿರ ದೇಹದಲ್ಲಿ ರಕ್ತ ಕಡಿಮೆಯಾಗಿ, ಸಣ್ಣ ಜಾಡ್ಯವೂ ದೊಡ್ಡದಾಗುತ್ತದೆ. ಇನ್ನೊಂದು ಮಾತನ್ನೂ ಗಮನಿಸತಕ್ಕದ್ದು. ರೊಟ್ಟಿಯು ನೆರೆಮನೆಯಲ್ಲಿ ಇತ್ತು, ಕೊಡುವ ಮನಸ್ಸೂ ಇತ್ತು. ಕೇಳುವ ನಾಚಿಕೆಯು ನಡುವೆ ಗೋಡೆಯಾಗಿ ನಿಂತಿದ್ದರಿಂದ ಅದು ಬರುವಷ್ಟರಲ್ಲಿ ತಡವಾಯಿತು.

ಹಿರಿಯ ಸಹೋದರಿಯೂ ಬಹುಕಾಲ ಉಳಿಯಲಿಲ್ಲ. ಅಣ್ಣ ತಂಗಿಯರಿಬ್ಬರೇ ಉತ್ತರದ ಕಡೆಗೆ ನಡೆದರು. ಪಂಜಾಬಿನಲ್ಲಿ ಝೇಲಮ್ ನದಿಯ ದಡದಲ್ಲಿ ಚಳಿ ತಾಳಲಾರದೆ, ಮರಳಿನಲ್ಲಿ ಸಮಾಧಿಯಂಥ ಎರಡು ಗುಂಡಿಗಳನ್ನು ತೋಡಿ, ತಲೆಯ ಹೊರತು ಮೈಯೆಲ್ಲಾ ಮರಳಿನಿಂದ ಮುಚ್ಚಿಕೊಂಡು ರಾತ್ರಿ ಕಳೆದದ್ದುಂಟು. ೧೮೭೮ರಲ್ಲಿ ಕಲಕತ್ತೆಗೆ ಮುಟ್ಟಿದಾಗ ಅಲ್ಲಿಯ ವಿದ್ವಾಂಸರು ಆ ತರುಣಿಯ ವಿದ್ಯೆಗೆ ಬೆರಗಾಗಿ ಪಂಡಿತಾ ಎಂಬದಾಗಿಯೂ ಸರಸ್ವತಿ ಎಂಬದಾಗಿಯೂ ಬಿರುದು ಕೊಟ್ಟರು. ಎರಡು ವರುಷಗಳಲ್ಲಿ ಶ್ರೀನಿವಾಸನು ರೋಗದಿಂದ ಸತ್ತನು. ತನ್ನ ತಂಗಿಗೆ ದಿಕ್ಕು ಯಾರೆಂಬ ಚಿಂತೆಯೇ ಮರಣಶಯ್ಯೆಯಲ್ಲಿ ಅವನನ್ನು ಬಾಧಿಸಿತು. ಅದೇ ೧೮೮೦ರಲ್ಲಿ ರಮಾಬಾಯಿಯವರು ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧವಿಯವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾಗಿ, ಆಸಾಮಿನ ಸಿಲ್ಚಾರಿನಲ್ಲಿ ಮನೆಮಾಡಿದರು. ೧೮೮೧ರ ಏಪ್ರಿಲಿನಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. ೧೮೮೨ರ ಫೆಬ್ರವರಿಯಲ್ಲಿ ವಾಂತಿಭೇದಿಯ ರೋಗವು ಗಂಡನನ್ನು ಒಯ್ದಿತು. ಇಪ್ಪತ್ತಮೂರು ವರುಷದ ವಿಧವೆ, ಕಂಕುಳಲ್ಲಿ ಹತ್ತು ತಿಂಗಳ ಕೂಸು, ತೌರುಮನೆಯಲ್ಲಿ ಒಬ್ಬರೂ ಇಲ್ಲ.

ಅಲ್ಲಿಂದ ಪುಣೆಗೆ ಬಂದು, ಸ್ತ್ರೀಯರ ವಿದ್ಯೆಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ೧೮೮೩ರಲ್ಲಿ ಮಗುವಿನೊಡನೆ ಇಂಗ್ಲೆಂಡಿಗೆ ಹೋದರು. ವೈದ್ಯವಿದ್ಯೆ ಕಲಿತು ನಮ್ಮ ದೇಶದ ಸ್ತ್ರೀಯರಿಗೆ ಉಪಯೋಗವಾಗಬೇಕೆಂಬದು ಅವರ ಉದ್ದೇಶ. ಆದರೆ ಕಿವಿಯ ಶಕ್ತಿಯು ಕುಂದುತ್ತಾ ಬಂದದ್ದರಿಂದ ಆ ದಾರಿ ಮುಚ್ಚಿತು. ಕೈಯಲ್ಲಿ ಮಗು, ಪರದೇಶ, ತುಂಬದ ಚೀಲ, ಕೇಳದ ಕಿವಿ: ಇಷ್ಟರ ನಡುವೆ ಅವರು ಮನಸ್ಸನ್ನು ಕೆಡಿಸಿಕೊಳ್ಳಲಿಲ್ಲ. ಆಗಲಾರದ ಕೆಲಸವನ್ನು ಬಿಟ್ಟು ಆಗುವ ಕೆಲಸವನ್ನು ಹಿಡಿದರು. ಅದೇ ವರುಷ ಸಪ್ಟಂಬರಿನಲ್ಲಿ ವಾಂಟೇಜ್ ಎಂಬ ಊರಿನಲ್ಲಿ ತಾಯಿಮಗಳಿಗೆ ದೀಕ್ಷಾಸ್ನಾನವಾಯಿತು. ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ, ತಾವು ಇಂಗ್ಲಿಷನ್ನೂ ಗಣಿತವನ್ನೂ ಕಲಿತರು. ೧೮೮೬ರಲ್ಲಿ ಅಮೇರಿಕೆಗೆ ಹೋಗಿ ಊರೂರು ತಿರುಗಿ ಮಾತಾಡಬೇಕಾಗಿ ಬಂದಾಗ, ಎಳೆಯ ಮಗಳನ್ನು ಕೆಲವು ಕಾಲ ಇಂಗ್ಲೆಂಡಿನ ಸಹೋದರಿಯರ ಕೈಯಲ್ಲಿ ಬಿಟ್ಟರು. ನಂಬಿಕೆಯುಳ್ಳವರ ಕೈಗೆ ಮಗುವನ್ನು ಒಪ್ಪಿಸುವದು ತಾಯಿಯ ಪ್ರೀತಿಯ ಕೊರತೆಯಲ್ಲವೆಂದು ಇದರಿಂದ ನಮಗೆ ತಿಳಿದುಬರುತ್ತದೆ.

೧೮೮೯ರ ಮಾರ್ಚ್ ೧೧ರಂದು ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವೆಂಬ ಶಾಲೆ ತೆರೆಯಲ್ಪಟ್ಟಿತು. ಮುಂದಿನ ವರುಷ ಅದು ಪುಣೆಗೆ ಬಂತು. ೧೮೯೬-೯೭ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಿದ್ದಿತೆಂಬ ಸಮಾಚಾರ ಕೇಳಿದಾಗ, ರಾಯಚೂರಿನ ದಿವಸಗಳನ್ನು ಮರೆಯದ ಈ ಸ್ತ್ರೀ ಮನೆಯಲ್ಲಿ ಕೂತಿರಲಾರದೆ ಅಲ್ಲಿಗೆ ಹೊರಟರು. ಎಲುಬು ಮೂಡಿದ, ಹುಣ್ಣು ತುಂಬಿದ, ಹೇನು ಹತ್ತಿದ ಹುಡುಗಿಯರನ್ನು ಗುಂಪುಗುಂಪಾಗಿ ಕರತಂದರು. ಆ ಸಮಯದಲ್ಲಿಯೇ ಪುಣೆಯಲ್ಲಿ ಪ್ಲೇಗಿನ ಹಾವಳಿ ಇದ್ದದರಿಂದ ಹೊಸಬರನ್ನು ಪಟ್ಟಣದಲ್ಲಿ ಇಟ್ಟುಕೊಳ್ಳಬಾರದೆಂದು ಅಧಿಕಾರಿಗಳ ಅಪ್ಪಣೆಯಾಯಿತು. ಆಗ ಪುಣೆಯಿಂದ ಸುಮಾರು ೪೦ ಮೈಲು ದೂರದ ಕೇಡಗಾಂವದ ಹೊಲಕ್ಕೆ ಅವರನ್ನು ಕರಕೊಂಡು ಹೋಗಿ ಡೇರೆಗಳಲ್ಲಿಯೂ ಚಪ್ಪರಗಳಲ್ಲಿಯೂ ಇರಿಸಿದರು. ಅಲ್ಲಿ ಮುಕ್ತಿ ಎಂಬ ಆಶ್ರಮವು ಕಟ್ಟಲ್ಪಟ್ಟಿತು. ೧೯೦೦ರಲ್ಲಿ ಗುಜರಾತಿನ ಕ್ಷಾಮದ ಮಕ್ಕಳೂ ಬಂದು ಸೇರಲಾಗಿ, ಆ ಮನೆಯಲ್ಲಿ ಉಣ್ಣುವವರು ಎರಡು ಸಾವಿರಕ್ಕೆ ಸಮೀಪವಾದರು.

ಇಷ್ಟು ರೋಗಿಷ್ಠ ಮಕ್ಕಳ ಮನೆಯನ್ನು ಒಬ್ಬ ತಾಯಿಯು ಹೇಗೆ ನಡಿಸಿದಳು? ಅವರು ತಾವೊಬ್ಬರೇ ಮಾಡಬೇಕೆಂಬ ಹಟ ಹಿಡಿಯಲಿಲ್ಲ. ಶಾರದಾ ಸದನದಲ್ಲಿ ಕಲಿತ ಹಿರಿಯ ಹುಡುಗಿಯರು ಮುಂದೆ ಬಂದು ಈ ಮಕ್ಕಳಿಗೆ ಶುಶ್ರೂಷಕಿಯರೂ ಶಿಕ್ಷಕಿಯರೂ ಆದರು. ನಿನ್ನೆ ದಿಕ್ಕಿಲ್ಲದೆ ಬಂದವಳು ಇಂದು ಇನ್ನೊಬ್ಬಳಿಗೆ ದಿಕ್ಕಾದಳು. ಬಾವಿಗಳು ತೋಡಲ್ಪಟ್ಟವು. ಯಾಕಂದರೆ ಒಳ್ಳೇ ನೀರಿಲ್ಲದೆ ಇಷ್ಟು ಜನರ ಮನೆ ನಿಲ್ಲಲಾರದು. ನೇಯಿಗೆ, ಬೇಸಾಯ, ಹಾಲಿನ ಕೆಲಸ, ಅಚ್ಚಿನ ಕೆಲಸ ಎಂದು ಪ್ರತಿಯೊಬ್ಬಳ ಕೈಗೂ ಅವಳ ಬಲಕ್ಕೆ ತಕ್ಕ ಕೆಲಸ ಕೊಡಲ್ಪಟ್ಟಿತು. ಕುರುಡ ಹುಡುಗಿಯರಿಗೂ ಮನೋರಮೆಯು ಬೆರಳಿನಿಂದ ಓದುವ ಅಕ್ಷರಗಳನ್ನು ಕಲಿಸಿದಳು. ಎಲ್ಲಾ ಮಕ್ಕಳು ಬದುಕಲಿಲ್ಲ. ಬಹುಕಾಲದ ಹಸಿವೆಯಿಂದ ಬಂದ ಅನೇಕರು ಅನ್ನ ಸಿಕ್ಕಿದ ಮೇಲೂ ಸತ್ತರು. ಆ ದುಃಖವನ್ನು ಎದೆಯಲ್ಲಿಟ್ಟುಕೊಂಡೇ ಉಳಿದವರಿಗೆ ಮಾರನೆಯ ದಿವಸದ ಗಂಜಿಯನ್ನು ಕಾಯಿಸಬೇಕಾಗಿತ್ತು.

ಮನೋರಮೆಯು ಅಮೇರಿಕೆಯಲ್ಲಿಯೂ ಕಲಿತು ಬಂದು ತಾಯಿಯ ಬಲಗೈಯಾದಳು. ೧೯೧೨ರ ಸುಮಾರಿಗೆ ನಮ್ಮ ಕನ್ನಡ ಸೀಮೆಯ ಗುಲಬರ್ಗಾದಲ್ಲಿ, ಈಗಿನ ಕಲಬುರಗಿಯಲ್ಲಿ, ಹುಡುಗಿಯರ ಶಾಲೆಯೊಂದು ಆಕೆಯ ಮೂಲಕ ಸ್ಥಾಪಿತವಾಯಿತು. ತಾಯಿ ಹಸಿವೆಯಿಂದ ನಡೆದು ಬಂದಿದ್ದ ಅದೇ ನಿಜಾಮನ ರಾಜ್ಯಕ್ಕೆ ಮಗಳು ವಿದ್ಯೆಯನ್ನು ಹೊತ್ತು ಬಂದಳು.

ಕಡೆಯ ವರುಷಗಳಲ್ಲಿ ರಮಾಬಾಯಿಯವರ ಕಿವಿ ಬಹಳ ಮಂದವಾಯಿತು. ಎದೆಯ ಕೆಮ್ಮು ಅವರನ್ನು ಬಿಡಲಿಲ್ಲ. ಆದಾಗ್ಯೂ ಹಳ್ಳಿಯ ಹೆಂಗಸರಿಗೆ ತಿಳಿಯುವ ಸುಲಭ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸುವದಕ್ಕಾಗಿ ಇಬ್ರಿಯ ಮತ್ತು ಗ್ರೀಕ ಭಾಷೆಗಳನ್ನು ಕಲಿತು, ಅನೇಕ ವರುಷ ಆ ಕೆಲಸ ಮಾಡಿದರು. ಅಚ್ಚು ಜೋಡಿಸಿದವರೂ ಮುಕ್ತಿಯ ಹೆಂಗಸರೇ. ಬಲ ಕುಂದಿದಂತೆ ಆಶ್ರಮದ ಭಾರವನ್ನು ಸ್ವಲ್ಪಸ್ವಲ್ಪವಾಗಿ ಮಗಳಿಗೆ ಒಪ್ಪಿಸುತ್ತಾ ಬಂದರು. ಆದರೆ ಮಗಳ ಹೃದಯವೇ ಬಲಹೀನವಾಗಿತ್ತು. ೧೯೨೧ರ ಜುಲೈಯಲ್ಲಿ ನಾಲ್ವತ್ತು ವರುಷದ ಮನೋರಮೆಯು ತಾಯಿಗಿಂತ ಮೊದಲೇ ತೀರಿಕೊಂಡಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಇವರನ್ನೆಲ್ಲಾ ಕಳುಹಿಸಿಕೊಟ್ಟಿದ್ದ ಈ ಸ್ತ್ರೀ ಒಬ್ಬಳೇ ಮಗಳನ್ನೂ ಕಳುಹಿಸಿಕೊಟ್ಟರು. ಭಾಷಾಂತರದ ಕಡೆಯ ಪುಟಗಳನ್ನು ತಿದ್ದಿ ಮುಗಿಸಿ, ೧೯೨೨ನೆಯ ಇಸವಿ ಏಪ್ರಿಲ್ ೫ರಂದು ನಿದ್ರೆಯಲ್ಲಿಯೇ ತೀರಿಹೋದರು. ಗ್ರಂಥವು ಸಂಪೂರ್ಣವಾಗಿ ಅಚ್ಚಾಗಿ ಹೊರಗೆ ಬಂದದ್ದು ೧೯೨೪ರಲ್ಲಿ. ಕೇಡಗಾಂವದ ಮುಕ್ತಿಯು ಇಂದಿಗೂ ಇದೆ.

ಈ ಚರಿತ್ರೆಯಿಂದ ನಮ್ಮ ಮನೆಗಳಿಗೆ ದೊರಕುವ ಬುದ್ಧಿಯನ್ನು ಸ್ವಲ್ಪದರಲ್ಲಿ ಹೇಳುತ್ತೇವೆ. ತಾಯಿಯಾದವಳು ತನ್ನ ರೋಗವನ್ನು ಬಚ್ಚಿಡಬಾರದು. ಬಚ್ಚಿಟ್ಟ ಜ್ವರವು ಮೂರು ದಿವಸದ ಮೇಲೆ ಮನೆಯನ್ನೇ ಕೆಡವುತ್ತದೆ. ಕಾಡಿನ ಬದಿಯ ಊರುಗಳಲ್ಲಿ ಚಳಿಜ್ವರವಾಗಲಿ, ಮೈಕೈ ಮುರಿಯುವ ತೀವ್ರ ಜ್ವರವಾಗಲಿ ಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೋರಿಸಬೇಕು. ಮೇಧವಿಯವರನ್ನು ಕೊಂದ ವಾಂತಿಭೇದಿಯಲ್ಲಿ ಮನುಷ್ಯನು ಸಾಯುವದು ಮೈಯ ನೀರೂ ಲವಣವೂ ಹರಿದುಹೋಗುವದರಿಂದ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಆರೋಗ್ಯ ಕೇಂದ್ರದವರು ಕೊಡುವ ಓಆರ್‌ಎಸ್ ಪುಡಿಯ ಒಂದು ಪೊಟ್ಟಣವನ್ನು ಕದಡಿ ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಾ ಆಸ್ಪತ್ರೆಗೆ ಒಯ್ದರೆ ಇಂದು ಬಹುಮಂದಿ ಬದುಕುತ್ತಾರೆ. ಸಾಧಾರಣ ಜ್ವರ ನೆಗಡಿಗಳಲ್ಲಿ ಮೊಲೆಯುಣ್ಣುವ ಕೂಸಿಗೆ ಹಾಲು ಬಿಡಿಸಬೇಕಾಗಿಲ್ಲ. ಕೈ ತೊಳೆದು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಡಿಸಬಹುದು. ಔಷಧ ತೆಗೆದುಕೊಳ್ಳುವಾಗ ಕೂಸಿಗೆ ಹಾಲು ಕೊಡುವ ಸಂಗತಿಯನ್ನು ವೈದ್ಯರಿಗೆ ಹೇಳಬೇಕು.

ಮನೆಯ ಕೆಲಸವನ್ನು ಹಂಚಿಕೊಡಬೇಕು. ಎಂಟು ವರುಷದ ಹುಡುಗನು ನೀರು ಕೊಡಬಲ್ಲನು, ಹತ್ತು ವರುಷದವಳು ತಮ್ಮನನ್ನು ಆಡಿಸಬಲ್ಲಳು. ಆದರೆ ಒಲೆಯನ್ನೂ ಬಾವಿಯನ್ನೂ ಎಳೆಯ ಮಕ್ಕಳಿಗೆ ಬಿಡಬಾರದು, ಆ ಕೆಲಸಕ್ಕೆ ತಂದೆಯು ಏಳಬೇಕು. ಅನ್ನ ಬೇಯಿಸಿದ್ದರಿಂದ ಯಾವ ಗಂಡಸಿನ ಮಾನವೂ ಹೋಗದು. ರೋಗ ಕಳೆದ ಮೇಲೂ ತಾಯಿಗೆ ಕೆಲವು ದಿವಸ ವಿಶ್ರಾಂತಿಯೂ ಮೊದಲ ತುತ್ತೂ ಸಿಕ್ಕಬೇಕು.

ಸಭೆಯವರಿಗೆ ಒಂದು ಮಾತು. ಬೇಡಲಿಕ್ಕೆ ಬಾಯಿಬಾರದೆ ಬಾಗಲಲ್ಲಿ ನಿಂತ ಹುಡುಗಿಯ ಮುಖವನ್ನು ಓದಿದ ರಾಯಚೂರಿನ ಆ ಗೃಹಿಣಿಯ ಹೆಸರು ನಮಗೆ ಉಳಿದಿಲ್ಲ. ಆಕೆ ಕೊಟ್ಟ ರೊಟ್ಟಿಯು ಒಬ್ಬ ತಾಯಿಯ ಪ್ರಾಣವನ್ನು ಉಳಿಸಲಾರದೆ ಹೋಯಿತು. ಆದರೆ ಅದನ್ನು ಪಡಕೊಂಡ ಹುಡುಗಿಯು ಮುಂದೆ ಸಾವಿರಾರು ಮಕ್ಕಳಿಗೆ ಅವರು ಕೇಳುವ ಮೊದಲೇ ಅನ್ನವಿಟ್ಟಳು. ನೆರೆಮನೆಯ ಒಲೆಯಲ್ಲಿ ಬೆಳಿಗ್ಗೆ ಹೊಗೆ ಕಾಣದಿದ್ದರೆ, ಕರೆಯುವ ತನಕ ಕಾಯದೆ ಒಂದು ಪಾತ್ರೆ ಗಂಜಿಯೊಡನೆ ಹೋಗಿ ವಿಚಾರಿಸತಕ್ಕದ್ದು.